ಕೊಕ್ಕೆ ಇಲ್ಲದ ದಾರ

ಇಡೀ ತೆಪ್ಪಕ್ಕೆ ಎಂಟುನೂರು, ಮಧ್ಯಾಹ್ನದವರೆಗೆ.
ದಾರ, ಕೋಳಿಕರುಳು, ಬಕೆಟ್ಟು ಅವಳದೇ.
ಮುರಿಗೆಪ್ಪ ಏಳುನೂರಕ್ಕೆ ಎಳೆದ.
ಕಾಟಮ್ಮ ಹುಟ್ಟನ್ನು ಏರಿಯ ಕಲ್ಲಿಗೆ ಕುಟ್ಟಿ
"ಏಡಿ ಹಿಡಿಯಾಕ್ ಬಂದೀರೋ, ಎಮ್ಮಿ ಕೊಳ್ಳಾಕೋ?" ಅಂದಳು.
ಎಂಟುನೂರೇ ಆಯಿತು.

ಸೂಳೆಕೆರೆ. ಬೋರ್ಡಿನಲ್ಲಿ ಶಾಂತಿಸಾಗರ.
ದಾವಣಗೆರೆಯಿಂದ ಮೊದಲ ಬಸ್ಸು ಹತ್ತಿ ಬಂದ ನಾವು ಮೂವರೂ
ಕರೆಂಟಿನವರು:
ಮನೆಮನೆ ಮೀಟರು ಓದುವ ನಾನು,
ಬಿಲ್ಲಿನ ಕೌಂಟರಿನ ಮುರಿಗೆಪ್ಪ,
ಕಂಬ ಹತ್ತುತ್ತಿದ್ದ ಜಬೀವುಲ್ಲಾ.
ಹತ್ತುತ್ತಿದ್ದ. ಈಗ ಆಫೀಸಿನಲ್ಲಿ ಕೂತು
ಫೈಲುಗಳಿಗೆ ದಾರ ಕಟ್ಟುತ್ತಾನೆ,
ಬಲಗೈಯಲ್ಲಿ ಉಳಿದ ಮೂರು ಬೆರಳಿನಿಂದ.

ತೆಪ್ಪದಲ್ಲಿ ಮುಂದಿನ ಸೀಟು ಹಿಂದಿನ ಸೀಟು ಇಲ್ಲ,
ಮೊಣಕಾಲಿಗೆ ಮೊಣಕಾಲು ತಾಗಿಸಿ
ರೊಟ್ಟಿ ಹಂಚಿನ ಸುತ್ತ ಕೂತವರ ಹಾಗೆ ಕೂತೆವು.
ಹುಟ್ಟಿನ ಒಂದೇಟಿಗೆ ಗುಡ್ಡ ಎಡಕ್ಕೆ ಸರಿಯಿತು,
ಇನ್ನೊಂದೇಟಿಗೆ ನನ್ನ ಬೆನ್ನ ಹಿಂದೆ.

"ಕೊಕ್ಕೆ ಎಲ್ಲಮ್ಮ?"
"ಏಡಿಗೆ ಕೊಕ್ಕಿ ಬ್ಯಾಡ್ರಿ. ಅದೇ ಹಿಡಕಂತತಿ.
ಹಿಡಿದಿದ್ದು ಬಿಡಲ್ಲ, ಅದರ ಹುಟ್ಟುಗುಣ.
ನೀವು ಆಸೆ ತೋರಿಸಬಾರ್ದು, ಅಷ್ಟೇ.
ಮರ್ತೋರಂಗೆ ಎತ್ರಿ."

ಮುರಿಗೆಪ್ಪನಿಗೆ ಮರೆಯುವುದು ಬರಲಿಲ್ಲ.
ಬಾಕಿ ವಸೂಲಿಯ ಕೈ. ಏಳು ಸಲ ಎಳೆದ,
ಏಳು ಸಲವೂ ತೊಯ್ದ ಕರುಳಷ್ಟೇ.
ನನ್ನ ದಾರದಲ್ಲಿ ಒಮ್ಮೆ
ಹೊರಗೆ ಯಾರೋ ಚಿಲಕ ಮುಟ್ಟಿ ಸುಮ್ಮನಾದ ಹಾಗೆ.
ಎತ್ತಿದೆ. ನೀರಿನ ಮೇಲ್ಪದರಕ್ಕೆ ಬಂದದ್ದು
ಬಿಸಿಲು ಕಂಡು ಬಿಟ್ಟುಹೋಯಿತು.

ಜಬೀವುಲ್ಲಾ ದಾರವನ್ನು
ಬೆರಳು ಮುಗಿದ ಮೊಂಡಿನ ಮೇಲೆ ಹಾಯಿಸಿಕೊಂಡಿದ್ದ.
ಅಲ್ಲಿ ಚರ್ಮ ತೆಳುವಂತೆ.
ಕರೆಂಟು ಹೋದ ದಾರಿಯಲ್ಲಿ ಈಗ
ಕೆರೆಯ ತಳದ ಸಣ್ಣ ಜಗ್ಗೂ ಬರುತ್ತದಂತೆ.
ಮಾತಾಡುತ್ತಲೇ ಎತ್ತುತ್ತಿದ್ದ, ಸಂಬಳದ ಮಾತು, ಮಗಳ ಪರೀಕ್ಷೆ.
ಹನ್ನೊಂದು ಏಡಿ.
ಬಕೆಟ್ಟಿನಲ್ಲಿ ಕರಕರ, ಹೆಂಚು ಸರಿಸಿದ ಸದ್ದು.

"ಸಾರಿಗೆ ಸಾಕು," ಅಂದಳು ಕಾಟಮ್ಮ. "ಯಾರ ಮನೀಗೆ?"

ಮುರಿಗೆಪ್ಪ ಶಿವದಾರ ಮುಟ್ಟಿಕೊಂಡ.
"ನಮ್ಮಲ್ಲೂ ತಿನ್ನಲ್ಲ," ಅಂದ ಜಬೀವುಲ್ಲಾ.
ನನಗೋ, ತಿಂದರೆ ಮೈಯೆಲ್ಲ ತುರಿಕೆ.
ಅವಳು ಹುಟ್ಟು ನಿಲ್ಲಿಸಿ ಮೂವರನ್ನೂ ನೋಡಿದಳು,
ಸಂತೆಯಲ್ಲಿ ತಪ್ಪಿಸಿಕೊಂಡವರನ್ನು ನೋಡುವ ಹಾಗೆ.
"ತಿನ್ನದೋರು... ಎಂಟುನೂರು ಕೊಟ್ಟು..."
ಮುಂದಿನ ಮಾತು ನಗುವಿನಲ್ಲಿ ಮುಳುಗಿತು.
ತೆಪ್ಪ ಎರಡು ಸುತ್ತು ತಾನೇ ತಿರುಗಿತು.

ಆಮೇಲೆ ಬಕೆಟ್ಟಿಗೆ ಕೈ ಹಾಕಿ ಆರಿಸತೊಡಗಿದಳು.
ಹೊಟ್ಟೆಯ ಮುಚ್ಚಳದಡಿ ಮರಿಗಳಿದ್ದವು ಎರಡು,
ಸಾಸಿವೆ ಕಾಳಿನಷ್ಟು ಮರಿ. ನೀರಿಗೆ.
ಇನ್ನೊಂದರ ಒಂದು ಕೊಂಬು ದಪ್ಪ,
ಇನ್ನೊಂದು ಎಳೆಯದು, ಬಿಳಿಚಿದ್ದು.
"ಮುರುದ್ರೆ ಮತ್ತ ಬರತತಿ ಇದಕ್ಕ.
ಪೊರಿ ಬಿಟ್ಟಾಗ ಚಿಗುರತತಿ."

ಅಂದ ಮೇಲೆ ಅವನ ಕೈ ಕಂಡಳು.
ಮುರಿಗೆಪ್ಪ ಕೆಮ್ಮಿದ.
ಗುಡ್ಡ ಮತ್ತೆ ನನ್ನೆದುರಿಗೆ ಬಂದಿತ್ತು.

"ಎಷ್ಟು ದಿನಕ್ಕೆ?" ಕೇಳಿದ ಜಬೀವುಲ್ಲಾ,
ಪರಿಹಾರದ ಕಡತ ಯಾವ ಟೇಬಲ್ಲಿನಲ್ಲಿದೆ ಎಂದು
ಪ್ರತಿ ಸೋಮವಾರ ಕೇಳುವ ಅದೇ ದನಿಯಲ್ಲಿ.

"ಎರಡ್ಮೂರು ಪೊರಿ ಬಿಡಬೇಕು."

ಅಂಗೈ ಚಾಚಿ ಇಸಿದುಕೊಂಡ.
ಅದು ಎಳೆ ಕೊಂಬಿನಿಂದ ಅವನ ಹೆಬ್ಬೆರಳು ಹಿಡಿಯಿತು.
"ನೋಯ್ತಿಲ್ಲ ಮಾರಾಯ," ಅಂದ, ನನಗೋ ತನಗೋ.
ಕೈಯನ್ನು ನೀರಿಗಿಳಿಸಿದ. ಬಿಡಲಿಲ್ಲ ಅದು.
ಅಲ್ಲಾಡಿಸಲಿಲ್ಲ ಅವನೂ.
ಮಣಿಕಟ್ಟಿನವರೆಗೆ ಕೆರೆ, ತೋಳಿನ ಮೇಲೆ ಬಿಸಿಲು,
ಒಂದು ಬೆಳ್ಳಕ್ಕಿ ಬಂತು, ಕೂತಿತು, ಹೋಯಿತು.

ದಡದಲ್ಲಿ ಉಳಿದ ಎಂಟನ್ನು
ಸೆರಗಿನಡಿ ಬಕೆಟ್ಟು ಮುಚ್ಚಿ ಎತ್ತಿಕೊಂಡಳು ಕಾಟಮ್ಮ.
"ಐವತ್ತು ಜಾಸ್ತಿ ಆಗತತಿ. ಹೊತ್ತು ಮೀರೇತಿ."

ಮುರಿಗೆಪ್ಪ ಸುಮ್ಮನೆ ಜೇಬಿಗೆ ಕೈ ಹಾಕಿದ.